ಐವತ್ತೆರಡು ನಿಮಿಷ

ಫೆಬ್ರವರಿ 3, ಸೋಮವಾರ

ಆಯೋಗದ ತೀರ್ಮಾನ ಅಂಚೆಯಲ್ಲಿ ಬಂತು. ಏಳು ಪುಟ. ಒಲೆಯ ಮೇಲೆ ಹಾಲಿಟ್ಟು ನಿಂತೇ ಓದಿದೆ. ಹಾಲು ಉಕ್ಕಿತು, ಒರೆಸಿದೆ, ಮತ್ತೆ ಓದಿದೆ. ನನ್ನ ದೂರು ವಜಾ. ಏನೂ ಅನ್ನಿಸಲಿಲ್ಲ. ಬೇರೆ ಯಾರದೋ ಕಾಗದ ತಪ್ಪಿ ನನ್ನ ಮನೆಗೆ ಬಂದ ಹಾಗಿತ್ತು.

ಇವತ್ತಿನಿಂದ ಈ ಪುಸ್ತಕದಲ್ಲಿ ಬರೆಯುತ್ತೇನೆ. ನನ್ನನ್ನು ನಾನೇ ಪರೀಕ್ಷೆ ಮಾಡಿಕೊಳ್ಳುವುದಕ್ಕೆ. ವಾರ ಬಿಟ್ಟು, ಓದುವ ಮೊದಲು ನೆನಪಿಸಿಕೊಂಡು, ಆಮೇಲೆ ತಾಳೆ ನೋಡಬೇಕು. ತಾಳೆಯಾಗದ ದಿನ ಬಂದರೆ ಗೊತ್ತಾಯಿತಲ್ಲ.

ಮುಂದೆ ನನಗೇ ಮರೆತರೆ ಇರಲಿ ಎಂದು ವಿಷಯವನ್ನೂ ಬರೆದಿಡುತ್ತೇನೆ. ಹನ್ನೊಂದು ವರ್ಷ ಸ್ಯಾಂಪಲ್ ಗಾಡಿ ಓಡಿಸಿದವಳು ನಾನು. ಊರಿನ ಚಿಕ್ಕಪುಟ್ಟ ಕ್ಲಿನಿಕ್ಕುಗಳಲ್ಲಿ ತೆಗೆದ ರಕ್ತವನ್ನು ತಣ್ಣನೆಯ ಪೆಟ್ಟಿಗೆಯಲ್ಲಿಟ್ಟು ಲ್ಯಾಬಿಗೆ ತಲುಪಿಸುವ ಕೆಲಸ. ಕಳೆದ ಅಕ್ಟೋಬರ್ ಹದಿನಾಲ್ಕರ ಮಧ್ಯಾಹ್ನ ನನ್ನ ಗಾಡಿ ಯಾವುದೋ ರಸ್ತೆಯ ಬದಿಯಲ್ಲಿ ಐವತ್ತೆರಡು ನಿಮಿಷ ಸುಮ್ಮನೆ ನಿಂತಿತ್ತಂತೆ. ಎಂಜಿನ್ ಆಫ್, ಪೆಟ್ಟಿಗೆಯೂ ಆಫ್. ಮೂವತ್ತೊಂದು ಜನರ ರಕ್ತ ಹಾಳಾಯಿತು. ಅದರಲ್ಲಿ ನಾಲ್ಕು ವರ್ಷದ ಒಂದು ಮಗುವೂ ಇತ್ತು, ಅದಕ್ಕೆ ಮತ್ತೆ ಸೂಜಿ ಚುಚ್ಚಿದರು. ಓಡಿಸುವವರ ಗುರುತಿಗೆಂದು ಗಾಡಿಯಲ್ಲಿ ಸಿಕ್ಕಿಸಿದ್ದ ಡ್ರೈವರ್ ಕಾರ್ಡು ನನ್ನದು. ನವೆಂಬರಿನಲ್ಲಿ ಕೆಲಸದಿಂದ ತೆಗೆದರು.

ನನಗೆ ಆ ಐವತ್ತೆರಡು ನಿಮಿಷ ನೆನಪೇ ಇಲ್ಲ. ಕೆಲಸ ಹೋದದ್ದಕ್ಕಿಂತ ಇದಕ್ಕೆ ನನಗೆ ಹೆದರಿಕೆ. ಅಮ್ಮನಿಗೆ ಮರೆವಿನ ಕಾಯಿಲೆ ಶುರುವಾದಾಗ ಐವತ್ತು ಆಗಿತ್ತಷ್ಟೆ. ಮೊದಲು ಮರೆತದ್ದು ದಾರಿ. ನನಗೀಗ ಐವತ್ತೊಂದು. ಸ್ಕೂಟರಿನ ಕೀಲಿಯನ್ನೂ ತಂಗಿಯ ಕೈಗೆ ಕೊಟ್ಟು ಕೂತಿದ್ದೇನೆ.

ಗಾಡಿಯೊಳಗೆ ಡ್ರೈವರಿನ ಮುಖಕ್ಕೆ ಒಂದು ಕ್ಯಾಮೆರಾ ಇದೆ. ಆ ಹೊತ್ತು ನಾನು ಏನು ಮಾಡುತ್ತಿದ್ದೆ ನೋಡಬೇಕು, ನನ್ನ ಮಾಹಿತಿ ನನಗೆ ಕೊಡಿ ಎಂದು ಕಂಪನಿಗೆ ಬರೆದೆ. ಕೊಡಲಿಲ್ಲ. ಜನರ ವೈಯಕ್ತಿಕ ಮಾಹಿತಿ ಕಾಯುವುದಕ್ಕೇ ಇರುವ ಆಯೋಗಕ್ಕೆ ದೂರು ಕೊಟ್ಟೆ. ಆಯೋಗ ಈಗ ಹೇಳುತ್ತಿರುವುದು ಇಷ್ಟು: "ದೃಶ್ಯದಲ್ಲಿ ಮೂರನೆಯ ವ್ಯಕ್ತಿಯೊಬ್ಬರ ವೈಯಕ್ತಿಕ ಮಾಹಿತಿ ಇರುತ್ತದೆ. ಸದರಿ ವ್ಯಕ್ತಿ ಸಮ್ಮತಿ ನೀಡಿರುವುದಿಲ್ಲ. ಆದ್ದರಿಂದ ಕಂಪನಿಯು ತಡೆಹಿಡಿದಿರುವುದು ಸರಿ."

ಇಪ್ಪತ್ತೆಂಟು ದಿನದೊಳಗೆ ಮೇಲ್ಮನವಿ ಹಾಕಬಹುದಂತೆ. ಕೈ ಇನ್ನೂ ಹಾಲಿನ ವಾಸನೆ ಹೊಡೆಯುತ್ತಿದೆ.

ಫೆಬ್ರವರಿ 5, ಬುಧವಾರ

ಮನೆಯ ಕೆಳಗೆ ಜೆರಾಕ್ಸ್ ಅಂಗಡಿ. ಅಂಗಡಿಯವರನ್ನು ಇಡೀ ಬೀದಿ ಜೆರಾಕ್ಸ್ ಮಾಮ ಎನ್ನುತ್ತದೆ. ಮೂವತ್ತು ವರ್ಷ ಕಂಡವರ ಕಾಗದ ನಕಲು ಮಾಡಿ ಮಾಡಿ ಅರ್ಧ ವಕೀಲರಾಗಿದ್ದಾರೆ. ಓದದೆ ನಕಲು ತೆಗೆದರೆ ಅವರಿಗೆ ಉಂಡದ್ದು ಅರಗುವುದಿಲ್ಲ. ಏಳು ಪುಟವನ್ನೂ ಓದಿ ಕನ್ನಡಕ ಹಣೆಗೇರಿಸಿದರು.

"ಈ ಮೂರನೆಯವರು ಯಾರಮ್ಮ?"

"ದಾರೀಲಿ ಹೋಗೋ ಯಾರೋ ಇರ್ಬೇಕು ಮಾಮ. ಗಾಜಿನಾಚೆ ಕಂಡಿರ್ತಾರೆ."

"ದಾರೀಲಿ ಹೋಗೋರ ವಿಳಾಸ ಕಂಪನಿಗೆ ಹೇಗೆ ಸಿಕ್ತು? ಕೇಳಿದ್ದಾರೆ, ಅವರು ಒಪ್ಪಿಲ್ಲ ಅಂತ ಬರೆದಿದೆ. ಗುರುತಿನೋರೇ ಯಾರೋ."

ಮೆಟ್ಟಿಲು ಹತ್ತುವಾಗ ಅವರ ಮಾತು ತಲೆಗೆ ಹೊಕ್ಕಿತು. ಹಾಗಾದರೆ ಗಾಡಿಯಲ್ಲಿ ನನ್ನ ಪಕ್ಕ ಯಾರೋ ಕೂತಿದ್ದರು. ಅದನ್ನೂ ಮರೆತಿದ್ದೇನೆ.

ಫೆಬ್ರವರಿ 9, ಭಾನುವಾರ

ಬೆಳಗ್ಗೆ ತಂಗಿ ಬಂದಳು, ಒಂದು ಚೀಲ ಕಿತ್ತಳೆ ಹಿಡಿದು. ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳು. ಅದೇ ಕಂಪನಿಯ ಇನ್ನೊಂದು ಗಾಡಿ ಅವಳದು, ಕೆಲಸಕ್ಕೆ ಸೇರಿಸಿದ್ದೂ ನಾನೇ. ನನಗೆ ಮದುವೆಯಾಗಿ ಮುರಿಯಿತು, ಅವಳು ಆ ತಾಪತ್ರಯಕ್ಕೇ ಹೋಗಲಿಲ್ಲ. ಎರಡು ಬಸ್ ಸ್ಟಾಪಿನಾಚೆ ಒಬ್ಬಳೇ ಇದ್ದಾಳೆ.

ಕೆಲಸವಿದ್ದಾಗ ಮಧ್ಯಾಹ್ನ ಪೆಟ್ರೋಲ್ ಬಂಕಿನ ಹಿಂದೆ ಇಬ್ಬರೂ ಕೂತು ಡಬ್ಬಿ ಬಿಚ್ಚುತ್ತಿದ್ದೆವು. ಊಟವಾದ ಮೇಲೆ ಎಷ್ಟೋ ದಿನ ಗಾಡಿ ಅದಲುಬದಲು. ನನ್ನ ಮಧ್ಯಾಹ್ನದ ದಾರಿಯಲ್ಲಿ ಒಂದು ಕ್ಲಿನಿಕ್ಕು ಮೂರನೆಯ ಮಹಡಿಯಲ್ಲಿದೆ, ಲಿಫ್ಟಿಲ್ಲ. ನನ್ನ ಮಂಡಿಗೆ ಅದು ಆಗದ ಮಾತು, ಅದಕ್ಕೆ ಅವಳೇ ನನ್ನ ಗಾಡಿ ಒಯ್ಯುತ್ತಿದ್ದಳು. ಕಾರ್ಡುಗಳನ್ನು ಮಾತ್ರ ಇದ್ದಲ್ಲೇ ಬಿಡುತ್ತಿದ್ದೆವು. ಕಾರ್ಡು ಕಿತ್ತರೆ ತಣ್ಣನೆಯ ಪೆಟ್ಟಿಗೆ ನಿಂತುಹೋಗುತ್ತದೆ, ಮತ್ತೆ ಶುರುವಾಗಲು ಹತ್ತು ನಿಮಿಷ. ಕಂಪನಿಯ ಲೆಕ್ಕದಲ್ಲಿ ತಪ್ಪು, ಆದರೆ ಮಾಡದ ಡ್ರೈವರ್ ಇಲ್ಲ. ಯಾವ ದಿನ ಬದಲಾಯಿಸಿದೆವು ಎಂದು ಬರೆದಿಡುವಷ್ಟು ಪೆದ್ದರೂ ನಾವಲ್ಲ.

"ಅವತ್ತು ನಾವು ಗಾಡಿ ಬದಲಾಯಿಸಿದ್ವಾ?" ಎಂದು ಕೇಳಿದೆ. ಹೀಗೆ ಕೇಳುವುದು ಇದು ಮೂರನೆಯ ಸಲ.

"ಇಲ್ಲ ಅಕ್ಕ. ನಿನ್ನ ಗಾಡಿ ನೀನೇ ಓಡಿಸಿದ್ದು." ಕಿತ್ತಳೆ ಸುಲಿಯುತ್ತಾ ನನ್ನ ಮುಖ ನೋಡದೆ ಹೇಳಿದಳು. "ಸಾಕು ಬಿಡೇ. ಆ ಮೇಲ್ಮನವಿ ಗೀಲ್ಮನವಿ ಎಲ್ಲ ಯಾಕೆ? ನಾನಿದ್ದೀನಲ್ಲ."

ಸಂಜೆ ಮತ್ತೆ ಬಾಗಿಲು ಬಡಿಯಿತು. ಅವಳೇ, ಇನ್ನೊಂದು ಚೀಲ ಕಿತ್ತಳೆಯೊಂದಿಗೆ. "ಚೆನ್ನಾಗಿತ್ತು ಅಕ್ಕ, ನಿನಗೂ ಇರ್ಲಿ ಅಂತ ತಂದೆ" ಅಂದಳು. ಬೆಳಗಿನದು ನನ್ನ ಭ್ರಮೆಯೇನೋ ಎಂದುಕೊಂಡೆ. ಕಸದ ಡಬ್ಬಿ ತೆರೆದು ನೋಡಿದೆ. ಸಿಪ್ಪೆ ಇತ್ತು. ನನ್ನ ಮೇಲಿನ ಅಕ್ಕರೆಗೆ ಲಂಗುಲಗಾಮಿಲ್ಲ ಅವಳಿಗೆ.

ಫೆಬ್ರವರಿ 20, ಗುರುವಾರ

ತಾಳೆ ನೋಡಿದೆ. ಒಂಬತ್ತನೇ ತಾರೀಖಿನದು ಎಲ್ಲ ನೆನಪಿತ್ತು, ಕಿತ್ತಳೆ ಸಹಿತ. ಬೇರೆ ಏನೂ ಇಲ್ಲ.

ಮಾರ್ಚ್ 3, ಸೋಮವಾರ

ಕೊನೆಯ ದಿನ. ಮೇಲ್ಮನವಿ ಹಾಕಿದೆ. ಜೆರಾಕ್ಸ್ ಮಾಮ ಎದುರು ಕೂತು ಬರೆಸಿದರು. ನಮ್ಮ ವಾದ ಒಂದೇ: ಆ ಮೂರನೆಯ ವ್ಯಕ್ತಿಯ ಮುಖ ಮಸುಕು ಮಾಡಿ ಕೊಡಿ, ನನಗೆ ನನ್ನ ಮುಖ ಸಾಕು. "ಇದಕ್ಕೆ ಅವರು ಏನ್ ಹೇಳ್ತಾರೆ ನೋಡೋಣ" ಎಂದು ಮಾಮ ಕೈ ಉಜ್ಜಿಕೊಂಡರು. ಅವರಿಗಿರುವ ಉಮೇದಿನಲ್ಲಿ ಕಾಲುಭಾಗ ನನಗಿದ್ದಿದ್ದರೆ ಚೆನ್ನಾಗಿತ್ತು.

ಕಚೇರಿಯಲ್ಲಿ ನಾಲ್ಕು ಪ್ರತಿ ಕೇಳಿದರು, ಐದು ಒಯ್ದಿದ್ದೆ. ಮುದ್ರೆ ಒತ್ತಿದ ಹೆಂಗಸಿಗೆ ನೆಗಡಿಯಾಗಿತ್ತು. ಬಸ್ಸಿನಲ್ಲಿ ನಿಂತು ಮನೆಗೆ ಬಂದೆ. ಡ್ರೈವರ್ ಬ್ರೇಕ್ ಒತ್ತಿದಾಗಲೆಲ್ಲ ನನ್ನ ಬಲಗಾಲೂ ಒತ್ತುತ್ತಿತ್ತು.

ಮಾರ್ಚ್ 16, ಭಾನುವಾರ

ಪತ್ರಿಕೆಯಲ್ಲಿ ಒಂದು ಪರೀಕ್ಷೆ ಬಂದಿತ್ತು. ಹತ್ತು ಪದ ಓದಿ, ಐದು ನಿಮಿಷ ಬೇರೆ ಮಾತಾಡಿ, ಆಮೇಲೆ ಪದಗಳನ್ನು ಹೇಳಬೇಕು. ತಂಗಿಗೆ ಓದಲು ಹೇಳಿದೆ. ನಾನು ಎಂಟು ಹೇಳಿದೆ. ಬಕೆಟ್ಟು, ಗಡಿಯಾರ ಎರಡು ತಪ್ಪಿದವು. ಎಂಟು ಬಂದರೆ ಪಾಸು ಎಂದು ಕೆಳಗೆ ಬರೆದಿತ್ತು.

"ಈಗ ನಿನ್ನ ಸರದಿ" ಅಂದೆ.

"ನನಗ್ಯಾಕೆ? ನನಗೆ ಈ ಆಟ ಎಲ್ಲ ಬೇಡ." ಪತ್ರಿಕೆಯನ್ನು ಮಡಚಿ ಅದರ ಮೇಲೇ ಕೂತುಬಿಟ್ಟಳು, ಚಿಕ್ಕಂದಿನಲ್ಲಿ ನನ್ನ ಬಳಪದ ಮೇಲೆ ಕೂತ ಹಾಗೆ. ನಗು ಬಂತು. ಎಷ್ಟು ದಿನವಾಗಿತ್ತೋ.

ಚಹಾ ಅವಳೇ ಮಾಡಿದಳು. ಸಕ್ಕರೆ ಎರಡು ಸಲ ಹಾಕಿದ್ದಾಳೆ, ಪಾಕದ ಹಾಗಿತ್ತು. ಕುಡಿದೆ. ಹೋಗುವಾಗ ನನ್ನ ಚಪ್ಪಲಿ ಮೆಟ್ಟಿಕೊಂಡು ಹೋದಳು. ನನ್ನ ಗೋಳಿನಲ್ಲಿ ಅವಳ ತಲೆಯೂ ಕೆಟ್ಟಿದೆ, ಪಾಪ.

ಏಪ್ರಿಲ್ 8, ಮಂಗಳವಾರ

ಕಂಪನಿಯ ಉತ್ತರದ ಪ್ರತಿ ಬಂತು. ಒಂದು ಸಾಲಿಗೆ ಮಾಮ ಪೆನ್ಸಿಲಿನಲ್ಲಿ ಗೀಟು ಹಾಕಿದರು: "ಮೂರನೆಯ ವ್ಯಕ್ತಿಯ ಚಿತ್ರವನ್ನು ಮಸುಕುಗೊಳಿಸಿದಲ್ಲಿ ದೃಶ್ಯದಲ್ಲಿ ಏನೂ ಉಳಿಯುವುದಿಲ್ಲ."

"ಏನೂ ಉಳಿಯಲ್ಲ ಅಂದ್ರೆ ಏನಮ್ಮ ಅರ್ಥ? ನೀವು ಅದರೊಳಗೆ ಇಲ್ವೇ ಇಲ್ಲ ಅಂತ ತಾನೇ?"

ನಾನು ಆ ಸಾಲನ್ನೇ ಮತ್ತೆ ಓದಿದೆ.

"ಅವತ್ತು ನಿಮ್ಮ ಗಾಡಿ ಬೇರೆ ಯಾರೋ ಓಡಿಸಿದ್ದಾರೆ. ಕಂಪನಿ ನಿಮ್ಮನ್ನ ತೆಗೆಯುವಾಗ ಕಾರ್ಡು ನೋಡ್ತೇ ಹೊರತು ಮುಖ ನೋಡಿಲ್ಲ. ಆಯೋಗ ಕೇಳಿದ ಮೇಲೆ ನೋಡಿರ್ತಾರೆ. ಈಗ ಒಪ್ಕೊಂಡ್ರೆ ಅವರ ಮರ್ಯಾದೆ ಹೋಗುತ್ತೆ, ಅದಕ್ಕೇ ಗಪ್‌ಚಿಪ್."

ಮೇಲೆ ಬಂದು ಮಲಗಿದೆ. ಯೋಚನೆ ಮಾಡಲಿಲ್ಲ. ಮಾಡಿದರೆ ಒಂದೇ ಮುಖ ಕಣ್ಣೆದುರು ಬರುತ್ತದೆ.

ಏಪ್ರಿಲ್ 9, ಬುಧವಾರ

ತಂಗಿಗೆ ಫೋನ್ ಮಾಡಲಿಲ್ಲ.

ಏಪ್ರಿಲ್ 27, ಭಾನುವಾರ

ತಂಗಿ ಬಂದಳು, ಕೂತಳು, ಹೋದಳು. ಕೇಳಲಿಲ್ಲ. ಬಾಯಿ ತೆರೆದರೆ ಏನು ಬರುತ್ತದೋ ಎಂದು ಪಾತ್ರೆ ತೊಳೆಯುತ್ತಾ ನಿಂತಿದ್ದೆ. ತೊಳೆದದ್ದನ್ನೇ ಮತ್ತೆ ತೊಳೆದೆ.

ಮೇ 6, ಮಂಗಳವಾರ

ಮೇಲ್ಮನವಿ ಮಂಡಳಿಯ ಮುಂದೆ ವಿಚಾರಣೆ. ಕರೆದುಕೊಂಡು ಹೋಗುತ್ತೇನೆಂದು ತಂಗಿಯೇ ಹಟ ಹಿಡಿದು ತನ್ನ ಕಾರು ತಂದಳು. ಸೇತುವೆ ದಾಟಿ ಎಡಕ್ಕೆ ತಿರುಗಬೇಕಿತ್ತು, ಬಲಕ್ಕೆ ತಿರುಗಿಸಿದಳು. ಹೇಳಿದ್ದಕ್ಕೆ "ಈ ಕಡೆ ಟ್ರಾಫಿಕ್ ಕಮ್ಮಿ" ಎಂದು ಗದರಿದಳು. ಆಮೇಲೆ ಒಂದು ಗೋದಾಮಿನ ಗೋಡೆ ಎದುರು ದಾರಿ ಮುಗಿಯಿತು. ಸ್ಟಿಯರಿಂಗ್ ಹಿಡಿದು ಸುಮ್ಮನೆ ಕೂತಳು. ನಾನು ಒಂದೊಂದೇ ತಿರುವು ಹೇಳುತ್ತಾ ಬಂದೆ, ಇಪ್ಪತ್ತು ನಿಮಿಷ ತಡವಾಗಿ ತಲುಪಿದೆವು. ನನ್ನ ವಿಚಾರಣೆಗೆ ನನಗಿಂತ ಅವಳಿಗೇ ಗಾಬರಿ. ಬರಬಾರದವಳು ಯಾಕೆ ಬಂದಳೋ.

ಚಿಕ್ಕ ಕೋಣೆ. ಗೋಡೆಯ ಗಡಿಯಾರ ನಿಂತಿತ್ತು. ಅಧ್ಯಕ್ಷೆ ಬೆಳ್ಳಗಿನ ಕೂದಲಿನ ಹೆಂಗಸು, ಪ್ರತಿ ಮಾತನ್ನೂ ತಾವೇ ಬರೆದುಕೊಳ್ಳುತ್ತಾರೆ. ನಮ್ಮನ್ನು ಹೊರಗೆ ಕೂರಿಸಿ, ಒಳಗೆ ಆ ದೃಶ್ಯ ನೋಡಿದರು. ಪೂರ್ತಿ ನೋಡಿದರು, ಐವತ್ತೆರಡು ನಿಮಿಷವೂ. ಬೆಂಚಿನಲ್ಲಿ ಪಕ್ಕ ಕೂತ ತಂಗಿ ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಿದ್ದಳು.

ಮತ್ತೆ ಕರೆದು ಅಧ್ಯಕ್ಷೆ ಕೇಳಿದರು: "ನಿಮ್ಮ ಕಾರ್ಡಿನಲ್ಲಿ ಬೇರೆಯವರು ಗಾಡಿ ಓಡಿಸೋದು ಇತ್ತಾ?"

"ಇತ್ತು ಮೇಡಂ. ನಾವೆಲ್ಲ ಹಾಗೇ ಮಾಡ್ತಿದ್ವಿ."

"ಅವತ್ತು?"

"ನೆನಪಿಲ್ಲ ಮೇಡಂ."

ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಆ ವ್ಯಕ್ತಿಯ ಸಮ್ಮತಿಯನ್ನು ಇನ್ನೊಂದು ಸಲ ಕೇಳಿ, ಕೇಳುವಾಗ ಈಕೆ ಯಾಕೆ ನೋಡಬೇಕೆನ್ನುತ್ತಿದ್ದಾರೆ ಎಂಬುದನ್ನೂ ತಿಳಿಸಿ ಎಂದು ಕಂಪನಿಯವರಿಗೆ ಹೇಳಿದರು. ಮೂರು ವಾರ ಗಡುವು.

ವಾಪಸು ಬರುವಾಗ ಬಸ್ಸಿನಲ್ಲಿ ಬರುತ್ತೇನೆ ಎಂದೆ. ಅವಳು ಯಾಕೆಂದು ಕೇಳಲಿಲ್ಲ.

ಮೇ 11, ಭಾನುವಾರ

ಹೇಳಿದಳು. ಬಾಗಿಲಲ್ಲಿ ನಿಂತೇ ಹೇಳಿದಳು.

"ಅಕ್ಕಾ, ನಿನಗೊಂದು ವಿಷಯ ಹೇಳ್ಬೇಕು. ಬೈಬೇಡ. ಅವತ್ತು ಗಾಡಿ ಓಡಿಸಿದ್ದು ನಾನು. ನಿದ್ದೆ ಬಂತು, ಬದಿಗೆ ಹಾಕಿ ಮಲಗಿಬಿಟ್ಟೆ."

ಸಮ್ಮತಿಯ ಕಾಗದ ಮೇಜಿನ ಮೇಲಿಟ್ಟಳು. ಸಹಿ ಹಾಕಿತ್ತು.

ಏಳು ತಿಂಗಳು. ಡಬ್ಬಿಗಳ ಮೇಲೆ ಸಕ್ಕರೆ, ಉಪ್ಪು ಎಂದು ಚೀಟಿ ಅಂಟಿಸಿಕೊಂಡಿದ್ದೇನೆ. ಅಮ್ಮನ ಹಾಗೆ ಆಗುವ ಮೊದಲು ಯಾವ ಆಶ್ರಮ ಸೇರಲಿ ಎಂದು ವಿಚಾರಿಸಿಟ್ಟಿದ್ದೇನೆ. ಇದೆಲ್ಲ ನೋಡುತ್ತಾ ನನ್ನೆದುರೇ ಕೂತು ಕಿತ್ತಳೆ ಸುಲಿದಳಲ್ಲ.

"ಕೆಲಸ ಹೋಗುತ್ತೆ ಅಂತ ಹೆದರಿದ್ಯಾ?" ಎಂದು ಕೇಳಿದೆ.

"ಹೂಂ" ಅಂದಳು. ಏನೋ ಇನ್ನೊಂದು ಹೇಳಲು ಬಾಯಿ ತೆರೆದು ಮುಚ್ಚಿದಳು.

"ಹೋಗು" ಅಂದೆ. ಹೋದಳು. ನನಗೆ ಮರೆವಿಲ್ಲ. ಕುಣಿದಾಡಬೇಕಿತ್ತು. ಕುರ್ಚಿಯಲ್ಲಿ ಕೂತಿದ್ದೆ, ಬೆಳಕು ಹೋಗುವ ತನಕ.

ಮೇ 14, ಬುಧವಾರ

ಡಬ್ಬಿಗಳ ಚೀಟಿ ಕಿತ್ತೆ. ಅಂಟು ಬಿಡಲಿಲ್ಲ.

ಮೇ 29, ಗುರುವಾರ

ಮಂಡಳಿ ನನ್ನ ಪರವಾಗಿ ಆದೇಶ ಮಾಡಿದೆ. ಇವತ್ತು ಕಂಪನಿಯ ಕಚೇರಿಯಲ್ಲಿ ದೃಶ್ಯ ತೋರಿಸಿದರು. ನನ್ನನ್ನು ತೆಗೆದುಹಾಕಿದ ಮೇಲ್ವಿಚಾರಕನೇ ಕಂಪ್ಯೂಟರ್ ಹಚ್ಚಿಕೊಟ್ಟು, ನೀರು ತಂದಿಟ್ಟು, ಹೊರಗೆ ಹೋದ.

ಅವಳು ಮಲಗಿಲ್ಲ. ಒಂದು ನಿಮಿಷವೂ ಮಲಗಿಲ್ಲ.

ಗಾಡಿ ಬದಿಗೆ ಹಾಕುತ್ತಾಳೆ. ಎಂಜಿನ್ ಆರಿಸುತ್ತಾಳೆ. ಮುಂದಿನ ರಸ್ತೆ ನೋಡುತ್ತಾಳೆ, ಹಿಂದೆ ತಿರುಗಿ ನೋಡುತ್ತಾಳೆ. ಫೋನು ತೆಗೆದು ನಕ್ಷೆ ನೋಡುತ್ತಾಳೆ, ಫೋನನ್ನು ಆ ಕಡೆ ಈ ಕಡೆ ತಿರುಗಿಸುತ್ತಾಳೆ. ಇಳಿದು ಹೋಗಿ ಅಂಗಡಿಯ ಬೋರ್ಡು ಓದಿ ಬಂದು ಕೂರುತ್ತಾಳೆ. ಆರು ವರ್ಷ ವಾರಕ್ಕೆ ಮೂರು ದಿನ ಹೋದ ರಸ್ತೆ ಅದು. ಇಪ್ಪತ್ತೆಂಟನೆಯ ನಿಮಿಷಕ್ಕೆ ಯಾರಿಗೋ ಫೋನ್ ಮಾಡಲು ಹೊರಟು ನಿಲ್ಲಿಸುತ್ತಾಳೆ. ನನಗೇ ಇರಬೇಕು. ಆಮೇಲೆ ಸ್ಟಿಯರಿಂಗ್ ಮೇಲೆ ಎರಡೂ ಕೈಯಿಟ್ಟು, ಬೆನ್ನು ನೆಟ್ಟಗೆ ಮಾಡಿ, ಒಳ್ಳೆಯ ಡ್ರೈವರಿನ ಹಾಗೆ ಕೂರುತ್ತಾಳೆ. ತುಟಿ ಅಲ್ಲಾಡುತ್ತಿರುತ್ತದೆ. ಕ್ಯಾಮೆರಾದಲ್ಲಿ ಶಬ್ದವಿಲ್ಲ. ಐವತ್ತೆರಡನೆಯ ನಿಮಿಷಕ್ಕೆ ಏನೋ ಹೊಳೆದ ಹಾಗೆ ತಲೆಯೆತ್ತಿ ಗಾಡಿ ಚಾಲೂ ಮಾಡಿ ಹೊರಡುತ್ತಾಳೆ.

ಅಮ್ಮನೂ ಒಮ್ಮೆ ನಮ್ಮದೇ ಬೀದಿಯ ತುದಿಯಲ್ಲಿ ಹೀಗೇ ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತಿದ್ದಳು.

ಮೇಲ್ವಿಚಾರಕ ಬಂದು, ನಾನು ಮತ್ತೆ ಕೆಲಸಕ್ಕೆ ಬರಬಹುದು ಎಂದು ಹೇಳಿದ. ಆಗಲಿ ಎಂದೆನೋ ನೋಡೋಣ ಎಂದೆನೋ.

ಜೂನ್ 1, ಭಾನುವಾರ

ಮೂರು ವಾರದ ಮೇಲೆ ಬಾಗಿಲು ಬಡಿಯಿತು. ತಂಗಿ. ಕೈಯಲ್ಲಿ ಚೀಲ. ಒಳಗೆ ಬಂದಳು, ಕೂರಲಿಲ್ಲ.

"ಅಕ್ಕಾ, ನಿನಗೊಂದು ವಿಷಯ ಹೇಳ್ಬೇಕು. ಬೈಬೇಡ. ಅವತ್ತು ಗಾಡಿ ಓಡಿಸಿದ್ದು ನಾನು."

ಅದೇ ಮಾತು, ಅದೇ ದನಿ. ಆದರೆ ಮೊದಲ ಸಲ ಹೇಳುತ್ತಿರುವವಳ ಹಾಗೆ ಹೇಳಿದಳು. ಹೇಳಿದ್ದೀಯಲ್ಲೇ ಎನ್ನಲು ಹೊರಟಿದ್ದೆ. ಅವಳ ಮುಖ ನೋಡಿ ನುಂಗಿಕೊಂಡೆ.

"ಹೌದಾ?" ಅಂದೆ. "ಕೂತ್ಕೋ. ನಿದ್ದೆ ಬಂತಾ?"

ಈ ಸಲ ಹೂಂ ಎನ್ನಲಿಲ್ಲ. ಚೀಲದ ಹಿಡಿ ತಿರುಚುತ್ತಾ ಕೂತಳು. "ದಾರಿ ಸಿಗ್ಲಿಲ್ಲ ಅಕ್ಕ" ಅಂದಳು. "ನೀನು ಗಾಡಿ ಬದಲಾಯಿಸಿದ್ವಾ ಅಂತ ಕೇಳ್ದಾಗ ಸುಳ್ಳು ಹೇಳಿದ್ನೋ, ನಿಜವಾಗ್ಲೂ ನೆನಪಿರ್ಲಿಲ್ವೋ, ಅದೂ ಗೊತ್ತಾಗ್ತಿಲ್ಲ. ನಿನಗೆ ಅಮ್ಮನ ಕಾಯಿಲೆ ಅಂತ ನೀನು ಅಂದ್ಕೊಂಡಾಗ ನನಗೆ ಸ್ವಲ್ಪ ಸಮಾಧಾನ ಆಗಿತ್ತು. ನನಗಲ್ಲ, ನಿನಗೆ ಅಂತ. ನಾನೆಂಥ ಕೆಟ್ಟೋಳು ನೋಡು."

ಅವಳ ತಲೆಯನ್ನು ನನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡೆ. ಇಬ್ಬರೂ ಅತ್ತೆವು. ಅಕ್ಟೋಬರಿನಿಂದ ನಾನು ಅತ್ತದ್ದು ಇದೇ ಮೊದಲು. ಚೀಲದಲ್ಲಿ ಇದ್ದದ್ದು ನನ್ನ ಚಪ್ಪಲಿ.

ಜೂನ್ 3, ಮಂಗಳವಾರ

ನರದ ಡಾಕ್ಟರ ಹತ್ತಿರ ನಾಳೆಗೆ ಸಮಯ ಸಿಕ್ಕಿದೆ. "ಯಾವಾಗಿನಿಂದ, ಏನೇನು ಮರೆತರು, ತಾರೀಖು ಸಹಿತ ಬರೆದುಕೊಂಡು ಬನ್ನಿ. ಹೆಚ್ಚಿನವರಿಗೆ ಇದು ನೆನಪಿರಲ್ಲ" ಎಂದು ಅಲ್ಲಿನ ನರ್ಸು ಫೋನಿನಲ್ಲಿ ಹೇಳಿದರು.

ಬರೆಯಲು ಕೂತು, ಮೊದಲು ಈ ಪುಸ್ತಕವನ್ನು ಮೊದಲಿನಿಂದ ಓದಿದೆ. ಕಿತ್ತಳೆ ಎರಡು ಸಲ, ಫೆಬ್ರವರಿ ಒಂಬತ್ತು. ಸಕ್ಕರೆ ಎರಡು ಸಲ, ಮಾರ್ಚ್ ಹದಿನಾರು. ಚಪ್ಪಲಿ. ಮಾಡಲೊಲ್ಲದ ಪರೀಕ್ಷೆ. ಗೋದಾಮಿನ ಗೋಡೆ, ಮೇ ಆರು. ನಾಲ್ಕು ತಿಂಗಳು ನನ್ನ ತಲೆಯನ್ನು ಕಾಯುತ್ತಿದ್ದೇನೆ ಎಂದುಕೊಂಡು ಅವಳದನ್ನೇ ಬರೆದಿಟ್ಟಿದ್ದೇನೆ. ಬರೆದೆ, ನೋಡಲಿಲ್ಲ.

ಪುಸ್ತಕವನ್ನೇ ಒಯ್ಯುವುದೆಂದು ಚೀಲಕ್ಕೆ ಹಾಕಿದೆ. ಮತ್ತೆ ಹೊರಗೆ ತೆಗೆದೆ. ಇದರಲ್ಲಿರುವ ಮಾಹಿತಿ ಅವಳದು.

ಸಂಜೆ ಅವಳ ಮನೆಗೆ ಹೋಗಿ ಕೇಳಿದೆ. "ಇದನ್ನ ಡಾಕ್ಟರಿಗೆ ತೋರಿಸ್ಲಾ? ನಿನ್ನ ವಿಷಯ ಇದೆ."

"ನನ್ನ ಬಗ್ಗೆ ಕೆಟ್ಟದಾಗಿ ಬರೆದಿದ್ದೀಯಾ?"

"ಒಂದೆರಡು ಕಡೆ. ಕಿತ್ತಳೆ ಬಗ್ಗೆ ಜಾಸ್ತಿ ಬರೆದಿದ್ದೀನಿ."

"ಬೇಡ ಅಂದ್ರೆ?"

"ಬೇಡ ಅಂದ್ರೆ ಬೇಡ. ಹರಿದು ಹಾಕ್ತೀನಿ."

ಪೆನ್ನು ಕೊಡು ಅಂದಳು. ಈ ಪುಟದ ಕೆಳಗೇ ಬರೆದಿದ್ದಾಳೆ, ದುಂಡನೆಯ ಅಕ್ಷರ: "ಅಕ್ಕ ತೋರಿಸಲು ನನ್ನ ಸಮ್ಮತಿ ಇದೆ." ಸಹಿ ಹಾಕಿ, ಸ್ವಲ್ಪ ಯೋಚಿಸಿ ತಾರೀಖನ್ನೂ ಹಾಕಿದಳು. ಅಕ್ಟೋಬರ್ ಹದಿನಾಲ್ಕು ಅಂತ.

ನಾನು ತಿದ್ದಲಿಲ್ಲ. ಸ್ಕೂಟರಿನ ಕೀಲಿ ಅವಳ ಮನೆಯ ಮೊಳೆಯಲ್ಲೇ ತೂಗುತ್ತಿತ್ತು, ಕಾರಿನದೂ ಪಕ್ಕದಲ್ಲಿತ್ತು. ಎರಡನ್ನೂ ತೆಗೆದುಕೊಂಡೆ. ನಾಳೆ ಹತ್ತು ಗಂಟೆಗೆ ಅಲ್ಲಿರಬೇಕು. ಗಾಡಿ ನಾನು ಓಡಿಸುತ್ತೇನೆ.